ಪದ ಪರಿಚಯ: ಹವಾಮಾನ ಡೆರಿವೇಟಿವ್

ಬಿರುಗಾಳಿಗೆ ಗೋದಾಮಿನ ಚಾವಣಿ ಹಾರಿಹೋದರೆ ವಿಮೆಯಿದೆ. ಚಳಿಗಾಲ ಬಂದೂ ಚಳಿ ಬೀಳದಿದ್ದರೆ? ಮನೆಗಳನ್ನು ಬೆಚ್ಚಗಿಡಲು ಅನಿಲ ಮಾರುವ ಅಮೆರಿಕದ ಕಂಪನಿಯಲ್ಲಿ ಅಂಥ ವರ್ಷ ಕೊಳವೆ ಒಡೆದಿರುವುದಿಲ್ಲ, ಯಂತ್ರ ಕೆಟ್ಟಿರುವುದಿಲ್ಲ. ಮಾರಾಟ ಮಾತ್ರ ಇಳಿದಿರುತ್ತದೆ, ಸಂಬಳ ಮತ್ತು ಸಾಲದ ಬಡ್ಡಿ ಎಂದಿನಷ್ಟೇ ಇರುತ್ತವೆ. ಹೀಗೆ ಯಾವ ವಸ್ತುವಿಗೂ ಹಾನಿಯಾಗದೆ ಆದಾಯ ಕುಸಿಯುವ ಅಪಾಯವನ್ನು ಬೇರೊಬ್ಬರಿಗೆ ವರ್ಗಾಯಿಸುವ ಹಣಕಾಸು ಒಪ್ಪಂದವೇ ಹವಾಮಾನ ಡೆರಿವೇಟಿವ್. ಇದು ಹುಟ್ಟಿದ್ದು 1990ರ ದಶಕದ ಉತ್ತರಾರ್ಧದಲ್ಲಿ, ಅಮೆರಿಕದ ಇಂಧನ ಕಂಪನಿಗಳ ನಡುವೆ. 1999ರಲ್ಲಿ ಷಿಕಾಗೊ ಮರ್ಕಂಟೈಲ್ ಎಕ್ಸ್‌ಚೇಂಜ್ ಎಂಬ ವಿನಿಮಯ ಕೇಂದ್ರ ಇದರ ವಹಿವಾಟನ್ನು ಆರಂಭಿಸಿತು.

ಒಪ್ಪಂದದ ಜೀವಾಳ ‘ಡಿಗ್ರಿ ದಿನ’ ಎಂಬ ಅಳತೆ. ಅಮೆರಿಕದಲ್ಲಿ 65 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 18 ಡಿಗ್ರಿ ಸೆಲ್ಸಿಯಸ್, ಇದರ ಆಧಾರರೇಖೆ. ಒಂದು ದಿನದ ಗರಿಷ್ಠ ಮತ್ತು ಕನಿಷ್ಠ ತಾಪಮಾನಗಳ ಸರಾಸರಿ 40 ಡಿಗ್ರಿ ಫ್ಯಾರನ್‌ಹೀಟ್ ಆದರೆ ಚಳಿಯ ಲೆಕ್ಕಕ್ಕೆ 25 ಸೇರುತ್ತದೆ. ಸರಾಸರಿ 65 ಅಥವಾ ಅದಕ್ಕಿಂತ ಹೆಚ್ಚಾದರೆ ಸೊನ್ನೆ. ಚಳಿಗಾಲದ ಒಟ್ಟು ಮೊತ್ತವು ಮೊದಲೇ ಒಪ್ಪಿಕೊಂಡ ಸಂಖ್ಯೆಗಿಂತ ಕಡಿಮೆಯಾದರೆ, ಕೊರತೆಯಾದ ಪ್ರತಿ ಅಂಕಕ್ಕೂ ಇಂತಿಷ್ಟೆಂದು ಕಂಪನಿಗೆ ಹಣ ಬರುತ್ತದೆ. ಎರಡೂ ಕಡೆಯವರು ಹಣ ತೆರುವ ಹೊಣೆ ಹೊರುವ ‘ಸ್ವಾಪ್’ ಬಗೆಯ ಒಪ್ಪಂದವಾದರೆ, ಚಳಿ ಹೆಚ್ಚಾದ ವರ್ಷ ಕಂಪನಿಯೇ ಹಣ ತೆರಬೇಕು. ಆದರೆ ಆ ವರ್ಷ ಅದರ ಮಾರಾಟವೂ ಚೆನ್ನಾಗಿರುವುದರಿಂದ ಆ ಹೊರೆ ತಡೆಯುವಂಥದ್ದು.

ಇಲ್ಲಿ ನಷ್ಟವನ್ನು ಸಾಬೀತುಪಡಿಸುವ ಅಗತ್ಯವಿಲ್ಲ, ಸಮೀಕ್ಷಕರು ಬರಬೇಕಿಲ್ಲ; ಹವಾಮಾನ ಕೇಂದ್ರದ ಅಂಕಿಯೇ ತೀರ್ಪು. ಈ ಸರಳತೆಯೇ ಇದರ ದೊಡ್ಡ ಗುಣವೆಂದು ನಾನು ಭಾವಿಸುತ್ತೇನೆ, ದೊಡ್ಡ ದೋಷವೂ ಇದರಲ್ಲೇ ಇದೆ. ಮಾಪಕ ಹೇಳುವುದಕ್ಕೂ ನಿಜವಾದ ನಷ್ಟಕ್ಕೂ ನಡುವೆ ಉಳಿಯುವ ಅಂತರವನ್ನು ‘ಬೇಸಿಸ್ ರಿಸ್ಕ್’ ಎನ್ನುತ್ತಾರೆ. ನಮ್ಮ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಕೆರೆಯ ಈಚೆ ಸುರಿದ ಮಳೆ ಆಚೆ ದಡದ ಹೊಲಕ್ಕೆ ಒಂದು ಹನಿಯೂ ಬೀಳದಿರಬಹುದು, ಮಳೆಮಾಪಕ ಇರುವುದು ಈಚೆಯೇ ಆದರೆ ಪರಿಹಾರವೂ ಬಾರದು. ಇದೇ ತರ್ಕದ ಮಳೆ ವಿಮೆ 2003ರಲ್ಲಿ ಅಂದಿನ ಆಂಧ್ರಪ್ರದೇಶದ (ಈಗ ತೆಲಂಗಾಣದ) ಮೆಹಬೂಬ್‌ನಗರದಲ್ಲಿ ಪ್ರಯೋಗವಾಯಿತು. 2007ರ ಮುಂಗಾರಿನಲ್ಲಿ ಹವಾಮಾನ ಆಧಾರಿತ ಬೆಳೆ ವಿಮೆಯಾಗಿ ಕರ್ನಾಟಕಕ್ಕೂ ಬಂದಿತು. ಅವು ಕಾನೂನಿನ ದೃಷ್ಟಿಯಲ್ಲಿ ವಿಮೆಗಳು, ಡೆರಿವೇಟಿವ್‌ಗಳಲ್ಲ. 2024ರ ಮಾರ್ಚ್‌ನಲ್ಲಷ್ಟೇ ಕೇಂದ್ರ ಸರ್ಕಾರ ಡೆರಿವೇಟಿವ್ ವಹಿವಾಟಿಗೆ ಅರ್ಹವಾದ ಸರಕುಗಳ ಪಟ್ಟಿಗೆ ಹವಾಮಾನವನ್ನು ಸೇರಿಸಿತು.