ವೋಲ್ಟೇಜ್ ಡ್ರಾಪ್: ದಾರಿಯಲ್ಲೇ ಖರ್ಚಾಗುವ ವೋಲ್ಟು

ಬ್ಯಾಟರಿಯಿಂದ ಹೊರಟ ವೋಲ್ಟೇಜಿನಲ್ಲಿ ಒಂದು ಪಾಲು ಬಲ್ಬಿಗೋ ಮೋಟಾರಿಗೋ ತಲುಪುವ ಮೊದಲೇ ವೈರು, ಸ್ವಿಚ್ಚು, ನಟ್ಟುಗಳಲ್ಲಿ ಖರ್ಚಾಗಿಹೋಗುತ್ತದೆ. ಆ ಪಾಲಿಗೆ ವೋಲ್ಟೇಜ್ ಡ್ರಾಪ್ ಎಂದು ಹೆಸರು. ಪತ್ರಿಕೆಗಳಲ್ಲಿ ಬರುವ ‘ವೋಲ್ಟೇಜ್ ಕುಸಿತ’ ಊರಿಗೆ ಬರುವ ವಿದ್ಯುತ್ತೇ ದುರ್ಬಲವಾಗುವುದನ್ನು ಸೂಚಿಸುವುದರಿಂದ ಆ ಮಾತನ್ನು ಇಲ್ಲಿ ಬಳಸಿದರೆ ಗೊಂದಲವಾಗುತ್ತದೆ. ಗ್ಯಾರೇಜುಗಳಲ್ಲಿ ‘ಡ್ರಾಪ್’ ಎಂದೇ ಅನ್ನುತ್ತಾರೆ, ನಾನೂ ಹಾಗೆಯೇ ಬರೆಯುತ್ತೇನೆ. ಶಾಲೆಯ ಪಾಠದಲ್ಲಿ ಓದಿದ ವಿಭವಾಂತರವೇ ಇದು, ಇರಬಾರದ ಜಾಗದಲ್ಲಿ ಕಾಣಿಸಿಕೊಂಡಿದೆ, ಅಷ್ಟೇ.

ಮಲ್ಟಿಮೀಟರ್ ಕೈಗೆ ಬಂದವರೆಲ್ಲ ಮೊದಲು ಕಲಿಯುವುದು ಬೀಪ್ ಪರೀಕ್ಷೆ. ವೈರಿನ ಎರಡು ತುದಿಗೆ ಪ್ರೋಬ್ ಮುಟ್ಟಿಸಿ, ಮೀಟರ್ ಕೂಗಿದರೆ ವೈರು ಸರಿಯಿದೆ ಎಂದು ಮುಂದಕ್ಕೆ ಹೋಗುತ್ತಾರೆ. ನಾನೂ ಬಹಳ ದಿನ ಹಾಗೆಯೇ ಮಾಡಿದೆ. ಆದರೆ ಇಪ್ಪತ್ತು ಎಳೆಯ ವೈರಿನಲ್ಲಿ ಹತ್ತೊಂಬತ್ತು ತುಂಡಾಗಿ ಒಂದೇ ಎಳೆ ಉಳಿದಿದ್ದರೂ ಮೀಟರ್ ಕೂಗುತ್ತದೆ. ಅದು ವೈರಿನೊಳಗೆ ಹರಿಸುವ ಕರೆಂಟ್ ಅತ್ಯಲ್ಪ, ಅಷ್ಟಕ್ಕೆ ಒಂದು ಎಳೆ ಧಾರಾಳವಾಗಿ ಸಾಕು. ಹೆಡ್‌ಲೈಟಿಗೆ ಬೇಕಾದ ಐದು ಆಂಪಿಯರ್, ಸೆಲ್ಫ್ ಮೋಟಾರಿಗೆ ಬೇಕಾದ ನೂರಾರು ಆಂಪಿಯರ್ ಹರಿಯತೊಡಗಿದಾಗಲೇ ವೈರಿನ ನಿಜವಾದ ಯೋಗ್ಯತೆ ಗೊತ್ತಾಗುವುದು.

ನಮ್ಮ ಮನೆಯ ಹಳೆಯ ಜೀಪು ಒಂದು ಮಳೆಗಾಲದಲ್ಲಿ ಸೆಲ್ಫ್ ಹೊಡೆದರೆ ನರಳಿದಂತೆ ನಿಧಾನವಾಗಿ ತಿರುಗಿ ನಿಲ್ಲುತ್ತಿತ್ತು. ಬ್ಯಾಟರಿ ಡೌನ್ ಎಂದು ಹೇಳಿದವರ ಮಾತು ನಂಬಿ ಹೊಸ ಬ್ಯಾಟರಿ ಹಾಕಿಸಿದೆವು. ಎರಡು ವಾರಕ್ಕೆ ಅದೇ ಕಥೆ. ಹೊಸ ಬ್ಯಾಟರಿ ಸುಮ್ಮನಿದ್ದಾಗ 12.6 ವೋಲ್ಟ್ ತೋರಿಸುತ್ತಿತ್ತು, ಅಂದರೆ ಪೂರ್ತಿ ಚಾರ್ಜ್ ಆಗಿತ್ತು. ಆಮೇಲೆ ಗೇರನ್ನು ನ್ಯೂಟ್ರಲ್‌ಗೆ ತಂದು, ಹ್ಯಾಂಡ್‌ಬ್ರೇಕ್ ಹಾಕಿ, ಇಂಜಿನ್ ಸ್ಟಾರ್ಟ್ ಆಗದಂತೆ ಸ್ಟಾಪ್ ನಾಬನ್ನು ಎಳೆದಿಟ್ಟು, ಮೀಟರನ್ನು ಡಿಸಿ 20 ವೋಲ್ಟಿಗೆ ತಿರುಗಿಸಿದೆ. ಒಂದು ಪ್ರೋಬ್ ಬ್ಯಾಟರಿಯ ನೆಗೆಟಿವ್ ಸೀಸದ ಗೂಟಕ್ಕೇ, ಇನ್ನೊಂದು ಇಂಜಿನ್ ಬ್ಲಾಕಿನ ಬಣ್ಣವಿಲ್ಲದ ಕಬ್ಬಿಣಕ್ಕೆ. ತಮ್ಮ ಕೀ ತಿರುಗಿಸಿದ. ಸೊನ್ನೆಯ ಹತ್ತಿರ ಇರಬೇಕಾದ ಅಂಕಿ 1.8ಕ್ಕೆ ಹಾರಿತು.

ಬ್ಯಾಟರಿಯ ಎರಡು ಗೂಟಗಳ ನಡುವೆ ಆ ಹೊತ್ತಿನಲ್ಲಿ ಇದ್ದದ್ದು 10.8 ವೋಲ್ಟ್. ಅದರಲ್ಲಿ 1.8 ಅರ್ಥ್ ದಾರಿಯಲ್ಲೇ, ಅಂದರೆ ಕರೆಂಟ್ ಇಂಜಿನ್ ಬ್ಲಾಕಿನಿಂದ ಬ್ಯಾಟರಿಯ ನೆಗೆಟಿವ್ ಗೂಟಕ್ಕೆ ಮರಳುವ ದಾರಿಯಲ್ಲೇ ಸೋರಿಹೋದರೆ, ಪಾಸಿಟಿವ್ ದಾರಿಯ ಡ್ರಾಪನ್ನೂ ಕಳೆದ ಮೇಲೆ ಮೋಟಾರಿಗೆ ಒಂಬತ್ತೂ ಪೂರ್ತಿ ಸಿಗುವುದಿಲ್ಲ. ಅರ್ಥ್ ಪಟ್ಟಿಯನ್ನು ಷಾಸಿಗೆ ಕಚ್ಚಿಸಿದ್ದ ಬೋಲ್ಟ್ ಬಿಚ್ಚಿದಾಗ ವಾಷರಿನ ಕೆಳಗೆ ಕಂದು ತುಕ್ಕಿನ ಪುಡಿ, ಪಟ್ಟಿಯ ತುದಿಯಲ್ಲಿ ಹಸಿರು ಕಿಲುಬು. ಉಪ್ಪುಕಾಗದದಿಂದ ಲೋಹ ಹೊಳೆಯುವ ತನಕ ಉಜ್ಜಿ, ಬಿಗಿದು, ಮತ್ತೆ ಅಳೆದರೆ 0.1.

1827ರಲ್ಲಿ ಜಾರ್ಜ್ ಓಮ್ ಪ್ರಕಟಿಸಿದ ನಿಯಮದಿಂದ ಇದರ ಲೆಕ್ಕ ಬಿಡಿಸಬಹುದು. ಕರೆಂಟು 150 ಆಂಪಿಯರ್ ಎಂದು ಹಿಡಿದರೆ, 1.8 ವೋಲ್ಟ್ ನುಂಗಲು 0.012 ಓಮ್ ರೋಧ ಸಾಕು. ಅಗ್ಗದ ಮೀಟರಿನ 200 ಓಮ್ ಅಳತೆಯಲ್ಲಿ ಕಾಣುವ ಅತಿ ಚಿಕ್ಕ ಅಂಕಿಯೇ 0.1, ಸಾಲದ್ದಕ್ಕೆ ಮೀಟರಿನ ಸ್ವಂತ ವೈರುಗಳ ರೋಧವೇ ಅದಕ್ಕಿಂತ ಹೆಚ್ಚು. ಹಾಗಾಗಿ ಆ ತುಕ್ಕನ್ನು ಓಮ್ ಅಳತೆಯಿಂದ ಹಿಡಿಯುವುದು ಸಾಧ್ಯವೇ ಇರಲಿಲ್ಲ. ಅದೇ ಮೀಟರ್ ವೋಲ್ಟ್ ಅಳತೆಯಲ್ಲಿ ಅದನ್ನು ಸಲೀಸಾಗಿ ಹಿಡಿಯಿತು. ಕಲಿಯುವವರಿಗೆ ನಾನು ಒತ್ತಿ ಹೇಳಬಯಸುವುದು ಇದನ್ನೇ.

ಸೆಲ್ಫಿನ ಅರ್ಥ್ ದಾರಿಯಲ್ಲಿ ಸಾಮಾನ್ಯವಾಗಿ 0.2 ವೋಲ್ಟಿನವರೆಗೆ, ಪಾಸಿಟಿವ್ ದಾರಿಯಲ್ಲಿ ಒಟ್ಟು 0.5ರವರೆಗೆ ಡ್ರಾಪ್ ಇದ್ದರೆ ಚಿಂತೆಯಿಲ್ಲ. ಅಂಕಿಯ ಹಿಂದೆ ಮೈನಸ್ ಬಂದರೆ ಪ್ರೋಬ್‌ಗಳು ಅದಲುಬದಲಾಗಿವೆ ಎಂದಷ್ಟೇ ಅರ್ಥ. ಆದರೆ ಕೆಂಪು ಪ್ರೋಬ್ 10 ಆಂಪಿಯರ್ ತೂತಿನಲ್ಲಿರುವಾಗ ಬ್ಯಾಟರಿಯ ಎರಡು ಗೂಟಗಳನ್ನು ಮುಟ್ಟಿಸಲೇಬೇಡಿ, ಅದು ನೇರ ಶಾರ್ಟ್. ಹಲವು ಅಗ್ಗದ ಮೀಟರುಗಳಲ್ಲಿ ಆ ತೂತಿಗೆ ಫ್ಯೂಸ್ ಕೂಡ ಇರುವುದಿಲ್ಲ.

ಅಳೆಯುವಾಗ ಕರೆಂಟ್ ಹರಿಯುತ್ತಿರಬೇಕು. ಲೈಟ್ ಆರಿಸಿಟ್ಟು ಅಳೆದರೆ ಎಂಥ ಕೆಟ್ಟ ವೈರಿನ ಮೇಲೂ ಸೊನ್ನೆಯೇ ಬರುತ್ತದೆ. ಸ್ವಿಚ್ ಹಾಕಿದಾಗ ಒಂದೇ ವೈರಿನ ಎರಡು ತುದಿಗಳ ನಡುವೆ ಇಡೀ 12 ವೋಲ್ಟ್ ಬಂದರೆ ಆ ವೈರು ಒಳಗೆ ತುಂಡಾಗಿದೆ.

ಬೈಕಿನ ಹೆಡ್‌ಲೈಟ್ ಮಂಕಾಗಿದ್ದರೂ ಇದೇ ದಾರಿ. ತಂತಿಯ ಬಲ್ಬಿಗೆ ವೋಲ್ಟೇಜ್ ನೂರಕ್ಕೆ ಹತ್ತರಷ್ಟು ಕಡಿಮೆಯಾದರೆ ಬೆಳಕು ಸುಮಾರು ಮೂವತ್ತರಷ್ಟು ಇಳಿಯುತ್ತದೆ. ಲೈಟ್ ಉರಿಯುತ್ತಿರುವಾಗ ಒಂದು ಪ್ರೋಬನ್ನು ಬ್ಯಾಟರಿಯ ಪಾಸಿಟಿವ್ ಗೂಟದಲ್ಲೇ ಹಿಡಿದು, ಇನ್ನೊಂದನ್ನು ಫ್ಯೂಸು, ಸ್ವಿಚ್ಚು, ಕಪ್ಲರು, ಬಲ್ಬಿನ ಪಿನ್ನು ಎಂದು ಒಂದೊಂದೇ ನಿಲ್ದಾಣಕ್ಕೆ ಮುಟ್ಟಿಸುತ್ತ ಹೋಗಿ. ಯಾವ ಎರಡು ನಿಲ್ದಾಣಗಳ ನಡುವೆ ಅಂಕಿ ಥಟ್ಟನೆ ಏರುತ್ತದೆಯೋ ಅಲ್ಲಿ ಬಿಚ್ಚಿ ನೋಡಿ. ಅಲ್ಲೆಲ್ಲೂ ಏರದಿದ್ದರೆ ಪ್ರೋಬನ್ನು ನೆಗೆಟಿವ್ ಗೂಟಕ್ಕೆ ಬದಲಿಸಿ, ಬಲ್ಬಿನ ಅರ್ಥ್ ಪಿನ್ನಿನಿಂದ ಮತ್ತೆ ಶುರು ಮಾಡಿ.