ಪಟಾಕಿ ಸದ್ದಿಗೆ ನಾಯಿ ಏಕೆ ರೂಢಿಯಾಗುವುದಿಲ್ಲ?

ವಿಜಯಪುರದಲ್ಲಿ ಸದ್ದಿನ ಕಾಲ ಗಣೇಶ ಚೌತಿಗೆ ಆರಂಭವಾದರೆ ಸಂಕ್ರಾಂತಿಯವರೆಗೂ ಮುಗಿಯುವುದಿಲ್ಲ. ವಿಸರ್ಜನೆಯ ಮೆರವಣಿಗೆ, ದೀಪಾವಳಿ, ಅದರ ಬೆನ್ನಿಗೇ ಬರುವ ತುಳಸಿ ಲಗ್ನ, ಆಮೇಲೆ ಮದುವೆಗಳು, ಹೊಸ ವರ್ಷದ ರಾತ್ರಿ, ಕೊನೆಗೆ ಜನವರಿಯ ನಡುವಿನಲ್ಲಿ ಸಿದ್ಧೇಶ್ವರ ಜಾತ್ರೆಯ ಮದ್ದು ಸುಡುವ ಕಾರ್ಯಕ್ರಮ. ಈ ತಿಂಗಳುಗಳಲ್ಲಿ ಮನೆಯ ನಾಯಿ ಮಂಚದ ಕೆಳಗೆ ಸೇರಿ ನಡುಗುವುದನ್ನು ಕಂಡ ಹಿರಿಯರು ಸಾಮಾನ್ಯವಾಗಿ ಹೇಳುವ ಮಾತು, "ಇರಲಿ ಬಿಡು, ರೂಢಿ ಆಗ್ತದ" ಎಂಬುದು. ಬೇರೆ ಸದ್ದುಗಳ ಮಟ್ಟಿಗೆ ಈ ಮಾತು ಸುಳ್ಳಲ್ಲ. ಹಿಟ್ಟಿನ ಗಿರಣಿಯ ಪಕ್ಕದಲ್ಲಿ ಬೆಳೆದ ನಾಯಿ ಗಿರಣಿ ಶುರುವಾದರೂ ಕಣ್ಣು ತೆರೆಯುವುದಿಲ್ಲ. ಕುಕ್ಕರಿನ ಸೀಟಿಗೆ ಬೆಕ್ಕು ಬಾಲವನ್ನೂ ಅಲ್ಲಾಡಿಸುವುದಿಲ್ಲ. ಪಟಾಕಿಯ ವಿಷಯದಲ್ಲಿ ಮಾತ್ರ ಈ ನಂಬಿಕೆ ಬಹುಮಟ್ಟಿಗೆ ತಪ್ಪು, ಮತ್ತು ಆ ತಪ್ಪಿನಿಂದಾಗಿ ಪ್ರಾಣಿಗಳು ವರ್ಷದಿಂದ ವರ್ಷಕ್ಕೆ ಹೆಚ್ಚು ನರಳುತ್ತವೆ.

ರೂಢಿಯಾಗುವುದು ಎಂದರೆ ಏನು ಎಂಬುದನ್ನು ನರವಿಜ್ಞಾನ ಸಾಕಷ್ಟು ಆಳವಾಗಿ ಅಧ್ಯಯನ ಮಾಡಿದೆ. ಎರಿಕ್ ಕ್ಯಾಂಡೆಲ್ ಅವರು ಕಡಲಿನಲ್ಲಿ ವಾಸಿಸುವ ಅಪ್ಲೀಸಿಯಾ ಎಂಬ ಮೃದ್ವಂಗಿಯ ಮೇಲೆ ನಡೆಸಿದ ಪ್ರಯೋಗಗಳು ಇದಕ್ಕೆ ಒಳ್ಳೆಯ ಉದಾಹರಣೆ. ಆ ಸಂಶೋಧನೆಗಾಗಿ ಅವರು 2000ರ ನೊಬೆಲ್ ಪ್ರಶಸ್ತಿಯನ್ನು ಇಬ್ಬರು ಸಹವಿಜ್ಞಾನಿಗಳೊಂದಿಗೆ ಹಂಚಿಕೊಂಡರು. ಆ ಜೀವಿಯನ್ನು ಮೆಲ್ಲಗೆ ಮುಟ್ಟಿದರೆ ಅದು ತನ್ನ ಕಿವಿರನ್ನು ಒಳಗೆಳೆದುಕೊಳ್ಳುತ್ತದೆ. ಹಾಗೆಯೇ ಮತ್ತೆ ಮತ್ತೆ ಮುಟ್ಟುತ್ತಿದ್ದರೆ, ಇದರಿಂದ ಅಪಾಯವಿಲ್ಲ ಎಂದು ಅದರ ನರಮಂಡಲ ಕಲಿತು ಪ್ರತಿಕ್ರಿಯೆ ಕ್ಷೀಣಿಸುತ್ತದೆ. ಆದರೆ ಅದೇ ಜೀವಿಯ ಬಾಲಕ್ಕೆ ಒಮ್ಮೆ ವಿದ್ಯುತ್ತಿನ ಆಘಾತ ಕೊಟ್ಟರೆ ಚಿತ್ರ ತಿರುಗುಮುರುಗಾಗುತ್ತದೆ. ಆಮೇಲೆ ಮೆಲ್ಲಗೆ ಮುಟ್ಟಿದರೂ ಅದು ಮೊದಲಿಗಿಂತ ಜೋರಾಗಿ ಮುದುಡಿಕೊಳ್ಳುತ್ತದೆ. ಮೊದಲನೆಯದು ರೂಢಿ, ಎರಡನೆಯದು ಸಂವೇದನೆಯ ತೀವ್ರೀಕರಣ. ಪ್ರಚೋದನೆ ಸೌಮ್ಯವಾಗಿದ್ದು ಒಂದೇ ಲಯದಲ್ಲಿ ಬರುತ್ತಿದ್ದರೆ ರೂಢಿ ಗೆಲ್ಲುತ್ತದೆ, ಅದು ಪ್ರಬಲವಾಗಿದ್ದು ಯಾವಾಗ ಬಂದೀತೆಂದು ತಿಳಿಯದಿದ್ದರೆ ತೀವ್ರೀಕರಣ ಗೆಲ್ಲುತ್ತದೆ. ಗಿರಣಿಯ ಸದ್ದು ಮೊದಲ ಜಾತಿಯದು. ಸುತಳಿ ಬಾಂಬಿನ ಸದ್ದು ಎರಡನೆಯ ಜಾತಿಯದು.

ಆ ಸದ್ದು ಎಷ್ಟು ಪ್ರಬಲ ಎಂಬುದನ್ನು ನಮ್ಮ ಕಾನೂನಿನ ಅಂಕಿಯಿಂದಲೇ ಅಂದಾಜು ಮಾಡಬಹುದು. ಸಿಡಿಯುವ ಜಾಗದಿಂದ 4 ಮೀಟರ್ ದೂರದಲ್ಲಿ 125 ಡೆಸಿಬಲ್ ಮೀರುವ ಪಟಾಕಿಯನ್ನು ತಯಾರಿಸುವಂತಿಲ್ಲ, ಮಾರುವಂತಿಲ್ಲ, ಹಾರಿಸುವಂತಿಲ್ಲ ಎಂಬ ನಿಯಮ 1999ರಿಂದ ಇದೆ. ಡೆಸಿಬಲ್ ಅಳತೆಯಲ್ಲಿ ಹತ್ತು ಹೆಚ್ಚಾದರೆ ಸದ್ದಿನ ತೀವ್ರತೆ ಹತ್ತು ಪಟ್ಟಾಗುತ್ತದೆ ಎಂಬುದನ್ನು ಇಲ್ಲಿ ನೆನಪಿಡಬೇಕು. ಬಯಲಿನಲ್ಲಿ ದೂರ ಇಮ್ಮಡಿಯಾದಾಗಲೆಲ್ಲ ಸುಮಾರು 6 ಡೆಸಿಬಲ್ ಇಳಿಯುತ್ತದೆ. ಹಾಗಾಗಿ ನಿಯಮದ ಮಿತಿಯೊಳಗೇ ಇರುವ ಪಟಾಕಿಯೂ 64 ಮೀಟರ್ ಆಚೆ, ಅಂದರೆ ಮುಂದಿನ ಓಣಿಯಲ್ಲಿ, 100 ಡೆಸಿಬಲ್ಲಿನ ಆಸುಪಾಸಿನಲ್ಲೇ ಕೇಳಿಸಬಲ್ಲದು. ಇಕ್ಕಟ್ಟಾದ ಗಲ್ಲಿಗಳಲ್ಲಿ ಗೋಡೆಗಳು ಸದ್ದನ್ನು ಹಿಂದಕ್ಕೆ ಎಸೆಯುವುದರಿಂದ ಅದು ಇಷ್ಟು ಬೇಗ ಇಳಿಯುವುದೂ ಇಲ್ಲ. ಗೋಳಗುಮ್ಮಟದ ಪಿಸುಗುಟ್ಟುವ ಮೊಗಸಾಲೆಯಲ್ಲಿ ಒಂದು ಚಪ್ಪಾಳೆ ಹೇಗೆ ಮತ್ತೆ ಮತ್ತೆ ಮರಳಿ ಬರುತ್ತದೆ ಎಂದು ಕೇಳಿದ ಈ ಊರಿನವರಿಗೆ, ಗಟ್ಟಿ ಗೋಡೆ ಸದ್ದನ್ನು ಏನು ಮಾಡುತ್ತದೆ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ. ಪ್ರಾಣಿಯ ದೃಷ್ಟಿಯಿಂದ ಇದರ ಪರಿಣಾಮ ಇನ್ನೂ ಕೆಟ್ಟದ್ದು. ಸದ್ದು ಎತ್ತಲಿಂದ ಬಂತು ಎಂದು ನಿರ್ಧರಿಸುವುದು ಕಷ್ಟವಾದಾಗ, ಎತ್ತ ಓಡಬೇಕು ಎಂಬುದೂ ತಿಳಿಯುವುದಿಲ್ಲ.

ನಾಯಿಗಳಿಗೆ ನಮಗಿಂತ ನಾಲ್ಕು ಪಟ್ಟು ಜೋರಾಗಿ ಕೇಳಿಸುತ್ತದೆ, ಆದ್ದರಿಂದ ಅವು ಹೆದರುತ್ತವೆ ಎಂಬ ವಿವರಣೆ ಬಹಳ ಜನಪ್ರಿಯ. ಅದನ್ನು ಸ್ವಲ್ಪ ತಿದ್ದಬೇಕು. ಮನುಷ್ಯನಿಗೆ 20ರಿಂದ 20,000 ಹರ್ಟ್ಜ್‌ವರೆಗಿನ ಸದ್ದು ಕೇಳಿಸಿದರೆ, ನಾಯಿಗೆ ಸುಮಾರು 45,000, ಬೆಕ್ಕಿಗೆ ಸುಮಾರು 85,000 ಹರ್ಟ್ಜ್‌ವರೆಗೆ ಕೇಳಿಸುತ್ತದೆ. ಇದು ಸ್ವರದ ಎತ್ತರಕ್ಕೆ ಸಂಬಂಧಿಸಿದ ಮಾತು. ರಾಕೆಟ್ಟಿನ ಶಿಳ್ಳೆಯಂಥ ಚೂಪು ಸದ್ದು ಅವುಗಳಿಗೆ ಹೆಚ್ಚು ಬಾಧಿಸುವುದು ನಿಜ. ಆದರೆ ಬಾಂಬಿನ ಢಂ ಸದ್ದಿನ ಶಕ್ತಿ ಬಹುಪಾಲು ಕೆಳಸ್ವರಗಳಲ್ಲಿದೆ, ಮತ್ತು ಅಲ್ಲಿ ನಾಯಿಯ ಕಿವಿ ನಮ್ಮದಕ್ಕಿಂತ ಸೂಕ್ಷ್ಮವೇನಲ್ಲ. ಭಯದ ಮೂಲ ಸದ್ದಿನ ಹಠಾತ್ ಸ್ವಭಾವದಲ್ಲಿದೆ. ಜೋರು ಸದ್ದು ಕಿವಿಗೆ ಬಿದ್ದಾಗ ನಡುಗಿವಿಯ ಸಣ್ಣ ಸ್ನಾಯುಗಳು ಬಿಗಿಯಾಗಿ ಒಳಗಿವಿಯನ್ನು ಸ್ವಲ್ಪ ಮಟ್ಟಿಗೆ ಕಾಯುತ್ತವೆ. ಆದರೆ ಅವು ಬಿಗಿಯಾಗಲು ಹತ್ತಾರು ಮಿಲಿಸೆಕೆಂಡುಗಳು ಬೇಕು. ಪಟಾಕಿಯ ಸದ್ದು ಅಷ್ಟರೊಳಗೆ ಶಿಖರ ಮುಟ್ಟಿಬಿಟ್ಟಿರುತ್ತದೆ. ಮಿದುಳುಕಾಂಡದ ಬೆಚ್ಚುವ ಪ್ರತಿವರ್ತನೆ ಯೋಚನೆಗೆ ಅವಕಾಶವನ್ನೇ ಕೊಡದೆ ಮೈಯನ್ನು ಕುಗ್ಗಿಸುತ್ತದೆ, ಅಮಿಗ್ಡಲ ಎಂಬ ಭಾಗ ಅಪಾಯದ ಮುದ್ರೆ ಒತ್ತುತ್ತದೆ, ಅಡ್ರಿನಾಲಿನ್ ಏರಿ ಹೃದಯ ಬಡಿದುಕೊಳ್ಳುತ್ತದೆ, ಅದರ ಹಿಂದೆಯೇ ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ಏರುತ್ತದೆ. ನಮಗೆ ಇದೇ ಸದ್ದು ಹಬ್ಬವಾಗಿ ಕಾಣುವುದು ಬತ್ತಿಗೆ ಕಿಡಿ ತಾಗುವುದನ್ನು ನಾವು ನೋಡಿರುವುದರಿಂದ. ಮುಂದೇನಾಗುತ್ತದೆ ಎಂಬ ಆ ತಿಳಿವಳಿಕೆ ಪ್ರಾಣಿಗಿಲ್ಲ.

ಏರಿದ ಕಾರ್ಟಿಸಾಲ್ ಸದ್ದು ನಿಂತ ಕೂಡಲೇ ಇಳಿಯುವುದಿಲ್ಲ. ಗುಡುಗಿಗೆ ಹೆದರುವ ನಾಯಿಗಳಿಗೆ ಗುಡುಗಿನ ಧ್ವನಿಮುದ್ರಣ ಕೇಳಿಸಿ ಅವುಗಳ ಜೊಲ್ಲನ್ನು ಪರೀಕ್ಷಿಸಿದ ಒಂದು ಅಧ್ಯಯನ 2005ರಲ್ಲಿ ಪ್ರಕಟವಾಯಿತು. ಅದರಲ್ಲಿ ಕಾರ್ಟಿಸಾಲ್ ಶೇಕಡ 207ರಷ್ಟು ಹೆಚ್ಚಿತ್ತು ಮತ್ತು 40 ನಿಮಿಷ ಕಳೆದರೂ ಮೊದಲಿನ ಮಟ್ಟಕ್ಕೆ ಬಂದಿರಲಿಲ್ಲ. ದೀಪಾವಳಿಯ ರಾತ್ರಿ ಎರಡು ಸಿಡಿತಗಳ ನಡುವೆ 40 ನಿಮಿಷದ ಬಿಡುವು ಯಾವ ಓಣಿಯಲ್ಲಿ ಸಿಗುತ್ತದೆ? ಒಂದು ಆಘಾತದ ಮೇಲೆ ಇನ್ನೊಂದು ಪೇರಿಕೊಳ್ಳುತ್ತದೆ. ಸ್ವಿಟ್ಜರ್ಲೆಂಡಿನ ಬರ್ನ್ ವಿಶ್ವವಿದ್ಯಾಲಯದ ಸ್ಟೆಫಾನಿ ರೀಮರ್ ನಾಯಿ ಸಾಕುವವರಿಂದ ಮಾಹಿತಿ ಸಂಗ್ರಹಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹೆದರಿದ ನಾಯಿಗಳಲ್ಲಿ ಮುಕ್ಕಾಲು ಪಾಲು ಮರುದಿನ ಬೆಳಿಗ್ಗೆಯ ಹೊತ್ತಿಗೆ ಚೇತರಿಸಿಕೊಂಡಿದ್ದವು. ಶೇಕಡ 12ರಷ್ಟಕ್ಕೆ ಒಂದು ವಾರದವರೆಗೆ ಬೇಕಾಯಿತು, ಶೇಕಡ 3ಕ್ಕಿಂತ ಹೆಚ್ಚಿನವಕ್ಕೆ ವಾರಗಳು ಅಥವಾ ತಿಂಗಳುಗಳೇ ಹಿಡಿದವು. ಅಂಥ ನಾಯಿ ನಮ್ಮಲ್ಲಿದ್ದರೆ ಅದು ದೀಪಾವಳಿಯಿಂದ ಚೇತರಿಸಿಕೊಳ್ಳುವ ಮೊದಲೇ ಜಾತ್ರೆ ಬಂದಿರುತ್ತದೆ.

ನಾರ್ವೆಯಲ್ಲಿ 17 ತಳಿಗಳ ಐದು ಸಾವಿರಕ್ಕೂ ಹೆಚ್ಚು ನಾಯಿಗಳ ಬಗ್ಗೆ ನಡೆದ ಅಧ್ಯಯನದಲ್ಲಿ, ವಯಸ್ಸು ಹೆಚ್ಚಿದಂತೆ ಸದ್ದಿನ ಭಯವೂ ಹೆಚ್ಚುತ್ತಿದ್ದುದು ಕಂಡುಬಂತು. ತಾನಾಗಿ ರೂಢಿಯಾಗುವುದಿದ್ದರೆ ಫಲಿತಾಂಶ ಇದಕ್ಕೆ ವಿರುದ್ಧವಾಗಿ ಇರಬೇಕಿತ್ತು. ಮುದಿ ನಾಯಿಯೊಂದು ಇದ್ದಕ್ಕಿದ್ದಂತೆ ಈ ವರ್ಷ ಮಾತ್ರ ಸದ್ದಿಗೆ ಹೆದರತೊಡಗಿದರೆ ಕೀಲುನೋವಿನಂಥ ತೊಂದರೆಯನ್ನೂ ಅನುಮಾನಿಸಬೇಕು. ಬೆಚ್ಚಿದಾಗ ಮೈ ಬಿಗಿಯುತ್ತದೆ, ಬಿಗಿದಾಗ ನೋವಿರುವ ಕೀಲು ಇನ್ನಷ್ಟು ನೋಯುತ್ತದೆ, ಆ ನೋವು ಸದ್ದಿನೊಂದಿಗೆ ಮನಸ್ಸಿನಲ್ಲಿ ಗಂಟು ಬೀಳುತ್ತದೆ.

ಇದೆಲ್ಲ ನಮ್ಮ ಕಣ್ಣಿಗೆ ಬೀಳದಿರುವುದಕ್ಕೂ ಕಾರಣವಿದೆ. ಬ್ರಿಟನ್ನಿನ ಬ್ರಿಸ್ಟಲ್ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ನಿಮ್ಮ ನಾಯಿ ಸದ್ದಿಗೆ ಹೆದರುತ್ತದೆಯೇ ಎಂದು ಕೇಳಿದಾಗ ಹೌದು ಎಂದವರು ಸುಮಾರು ಕಾಲು ಭಾಗ. ಲಕ್ಷಣಗಳನ್ನು ಒಂದೊಂದಾಗಿ ಹೆಸರಿಸಿ ಕೇಳಿದಾಗ, ಅವುಗಳಲ್ಲಿ ಒಂದಾದರೂ ತಮ್ಮ ನಾಯಿಯಲ್ಲಿ ಇದೆ ಎಂದವರು ಹೆಚ್ಚುಕಡಿಮೆ ಅರ್ಧದಷ್ಟು. ಬೊಗಳುವುದು, ಕೂಗುವುದು ಎಲ್ಲರಿಗೂ ಗೊತ್ತಾಗುತ್ತದೆ. ಸೆಕೆಯಿಲ್ಲದೆ ಏದುಸಿರು ಬಿಡುವುದು, ತುಟಿ ನೆಕ್ಕಿಕೊಳ್ಳುವುದು, ಪದೇ ಪದೇ ಆಕಳಿಸುವುದು, ಕಿವಿ ಹಿಂದಕ್ಕೆ ಮಡಚುವುದು, ಮನೆಯವರ ಕಾಲು ಬಿಡದೆ ಸುತ್ತುವುದು, ಇವನ್ನು ಭಯವೆಂದು ಓದುವವರು ಕಡಿಮೆ. ನನ್ನ ಮಟ್ಟಿಗೆ ತೀರ ನಂಬಬಹುದಾದ ಗುರುತು ಊಟ. ಪ್ರತಿದಿನ ಕಾದು ಕುಳಿತು ತಿನ್ನುವ ಹಾಲಿನಲ್ಲಿ ನೆನೆಸಿದ ರೊಟ್ಟಿಯನ್ನು ನಾಯಿ ಮೂಸಿಯೂ ನೋಡದಿದ್ದರೆ, ಅದು ಎಷ್ಟೇ ಸುಮ್ಮನೆ ಮಲಗಿದ್ದರೂ ಒಳಗೆ ತತ್ತರಿಸುತ್ತಿದೆ.

ಬೆಕ್ಕು ಇನ್ನೂ ಮೌನಿ. ಅದು ಅಟ್ಟದ ಮೂಲೆಯನ್ನೋ ಕಪಾಟಿನ ಹಿಂದನ್ನೋ ಸೇರುತ್ತದೆ, ಅಲ್ಲಿಂದ ಅದನ್ನು ಎಳೆದು ತಂದು ಸಮಾಧಾನ ಮಾಡುವುದಕ್ಕಿಂತ ಅಲ್ಲೇ ನೀರಿಟ್ಟು ಬಿಡುವುದು ಒಳ್ಳೆಯದು. ಪಂಜರದ ಲವ್ ಬರ್ಡ್‌ಗಳು ಕತ್ತಲಲ್ಲಿ ಬೆಚ್ಚಿ ಸರಳುಗಳಿಗೆ ಬಡಿದುಕೊಂಡು ರೆಕ್ಕೆ ಮುರಿದುಕೊಳ್ಳುತ್ತವೆ. ಆ ಕೋಣೆಯಲ್ಲಿ ಮಂದ ದೀಪವೊಂದು ಉರಿಯುತ್ತಿರಬೇಕು. ದನಗಳ ಬಗ್ಗೆ ಮಾತ್ರ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ನಮ್ಮ ಭಾಗದಲ್ಲಿ ಪಾಡ್ಯದ ದಿನ ನಾವು ಅವುಗಳನ್ನೇ ಪೂಜಿಸುತ್ತೇವೆ ಮತ್ತು ಅದೇ ಸಂಜೆ ಕೊಟ್ಟಿಗೆಯ ಮುಂದೆಯೇ ಸರಪಟಾಕಿ ಹಚ್ಚುತ್ತೇವೆ. ಆಕಳಿನ ಶ್ರವಣದ ವ್ಯಾಪ್ತಿ 23ರಿಂದ 35,000 ಹರ್ಟ್ಜ್. ಹಾಲು ಕರೆಯುವಾಗ ತೊರೆ ಬಿಡಿಸುವುದು ಆಕ್ಸಿಟೋಸಿನ್ ಎಂಬ ಹಾರ್ಮೋನು. ಗಾಬರಿಯಲ್ಲಿ ಏರುವ ಅಡ್ರಿನಾಲಿನ್ ಕೆಚ್ಚಲಿನ ರಕ್ತನಾಳಗಳನ್ನು ಕುಗ್ಗಿಸಿ ಅದರ ಕೆಲಸವನ್ನು ತಡೆಯುತ್ತದೆ. ಹಬ್ಬದ ಸಂಜೆ ಎಮ್ಮೆ ಹಾಲು ಏರಿಸಿಕೊಂಡಿತು ಎಂದು ಬೇಸರಪಡುವವರು ಓಣಿಯ ಸದ್ದನ್ನು ನೆನಪಿಸಿಕೊಂಡರೆ ಸಾಕು. ಗೋದಲಿಗೆ ಬಿಗಿಯಾಗಿ ಕಟ್ಟಿದ ದನ ಬೆಚ್ಚಿ ಜಗ್ಗಿದರೆ ಕೊರಳಿಗೆ ಹಗ್ಗ ಬಿಗಿಯುವ ಅಪಾಯವೂ ಇದೆ. ಚುರುಕು ಸ್ವಭಾವದ ಖಿಲಾರಿ ಎತ್ತುಗಳನ್ನು ಜಾತ್ರೆಗೆ ಹೊಡೆದುಕೊಂಡು ಬರುವ ರೈತರು ಮದ್ದು ಸುಡುವ ಹೊತ್ತಿಗೆ ಅವುಗಳ ಹತ್ತಿರವೇ ನಿಲ್ಲುವುದು ಸರಿಯಾದ ಪದ್ಧತಿ.

ಹಾಗಾದರೆ ಮಾಡಬೇಕಾದದ್ದೇನು? ಮೊದಲು ಒಂದು ತಪ್ಪು ಕಲ್ಪನೆಯನ್ನು ತೆಗೆದುಹಾಕಬೇಕು. ಹೆದರಿದ ನಾಯಿಯನ್ನು ಮುದ್ದು ಮಾಡಿದರೆ ಅದರ ಹೆದರಿಕೆಗೆ ಕುಮ್ಮಕ್ಕು ಕೊಟ್ಟಂತೆ ಎಂದು ಓದಿದವರೂ ಹೇಳುತ್ತಾರೆ. ಭಯ ಒಂದು ಭಾವ. ಬಹುಮಾನದ ಆಸೆಗೆ ಮಾಡುವ ಚೇಷ್ಟೆಯಲ್ಲ. ಪಕ್ಕಕ್ಕೆ ಬಂದ ನಾಯಿಯನ್ನು ದೂಡಬೇಕಾಗಿಲ್ಲ, ಗದರಿಸಲೇಬಾರದು. ರೀಮರ್ ಅವರ ಮತ್ತೊಂದು ಸಮೀಕ್ಷೆಯಲ್ಲಿ, ಪ್ರತಿ ಸಿಡಿತದ ಬೆನ್ನಿಗೇ ನಾಯಿಗೆ ಇಷ್ಟದ ತಿನಿಸು ಕೊಟ್ಟವರು ಅಥವಾ ಆಟ ಆಡಿಸಿದವರಲ್ಲಿ ಹತ್ತಕ್ಕೆ ಸುಮಾರು ಏಳು ಜನ ಅದರಿಂದ ಪ್ರಯೋಜನವಾಯಿತು ಎಂದರು. ಗಿಡಮೂಲಿಕೆ, ಹೋಮಿಯೋಪತಿ ಮುಂತಾದವನ್ನು ಬಳಸಿದವರಲ್ಲಿ ಹಾಗೆ ಹೇಳಿದವರು ಮೂರರಲ್ಲಿ ಒಬ್ಬರ ಆಸುಪಾಸು ಮಾತ್ರ. ತಿನಿಸು ಸದ್ದಿನ ನಂತರವೇ ಬರಬೇಕು ಎಂಬುದು ಮುಖ್ಯ. ಸದ್ದಿಗೆ ಮೊದಲು ತಿನಿಸು ಬಂದರೆ ತಿನಿಸೇ ಅಪಾಯದ ಮುನ್ಸೂಚನೆಯಾಗಿಬಿಡುತ್ತದೆ.

ಜಾಗದ ವಿಷಯದಲ್ಲಿ ನಮ್ಮ ಹಳೆಯ ಮಾಳಿಗೆ ಮನೆಗಳು ಹೊಸ ಮನೆಗಳಿಗಿಂತ ಬಹಳ ಮೇಲು. ಗೋಡೆಯ ತೂಕ ಹೆಚ್ಚಿದಷ್ಟೂ ಸದ್ದು ದಾಟುವುದು ಕಡಿಮೆಯಾಗುತ್ತದೆ; ಮೊಳದ ದಪ್ಪದ ಕಲ್ಲುಮಣ್ಣಿನ ಗೋಡೆಯ ನಡುವೆ ಕಿಟಕಿಯಿಲ್ಲದ ಒಳಕೋಣೆಗಿಂತ ಒಳ್ಳೆಯ ಆಶ್ರಯ ಸಿಗುವುದಿಲ್ಲ. ಸಿಮೆಂಟಿನ ಮನೆಯಲ್ಲಿರುವವರು ಬೀದಿಯಿಂದ ತೀರ ಒಳಗಿರುವ ಕೋಣೆಯನ್ನು ಆರಿಸಿ, ಕಿಟಕಿ ಮುಚ್ಚಿ, ಬಾಗಿಲ ಕೆಳಗಿನ ಸಂದಿಗೆ ಕೌದಿ ತುರುಕಬೇಕು, ಏಕೆಂದರೆ ಸದ್ದು ಗೋಡೆಗಿಂತ ಸಂದಿಯಿಂದಲೇ ಹೆಚ್ಚು ನುಗ್ಗುತ್ತದೆ. ಬೇಸಿಗೆಯ ಏರ್ ಕೂಲರನ್ನು ಒಳಗೆ ತಂದು ನೀರಿಲ್ಲದೆ ಚಾಲೂ ಮಾಡಿದರೆ ಅದರ ಒಂದೇ ಸಮನಾದ ಮೊರೆತ ಹೊರಗಿನ ಸಿಡಿತದ ಮೊನಚನ್ನು ಮಸುಕುಗೊಳಿಸುತ್ತದೆ. ಕೋಣೆಯ ಬಾಗಿಲು ಹೊರಗಿನಿಂದ ಹಾಕಿ ನಾಯಿಯನ್ನು ಕೂಡಿಹಾಕುವುದು ಬೇಡ. ಬಂದು ಹೋಗುವ ಸ್ವಾತಂತ್ರ್ಯವಿದ್ದರೆ ಅಂಜಿಕೆ ಕಡಿಮೆ. ಬೀದಿಗೆ ತೆರೆಯುವ ಬಾಗಿಲು ಮಾತ್ರ ಭದ್ರವಾಗಿರಬೇಕು. ಮುಧೋಳ ನಾಯಿ ಸಾಕಿದವರಿಗಂತೂ ಇದು ಬಹಳ ಮುಖ್ಯ, ಏಕೆಂದರೆ ಬೇಟೆಯನ್ನು ಓಟದಲ್ಲೇ ಹಿಡಿಯಲು ಬೆಳೆಸಿದ ಆ ತಳಿ ಬೆದರಿ ಓಡಿದರೆ ಕೆಲವೇ ನಿಮಿಷಗಳಲ್ಲಿ ಊರಾಚೆ ಇರುತ್ತದೆ, ಮರಳುವ ದಾರಿಯಲ್ಲಿ ಬೇರೆ ನಾಯಿಗಳ ಗಡಿಗಳನ್ನು ದಾಟಬೇಕಾಗುತ್ತದೆ. ಕೊರಳಪಟ್ಟಿಯ ಮೇಲೆ ಫೋನ್ ಸಂಖ್ಯೆ ಬರೆದಿರಲಿ, ತಿರುಗಾಟ ಸಂಜೆ ಐದರೊಳಗೆ ಮುಗಿಯಲಿ. 2018ರಲ್ಲಿ ಸುಪ್ರೀಂ ಕೋರ್ಟ್ ದೀಪಾವಳಿಯಂದು ರಾತ್ರಿ 8ರಿಂದ 10ರವರೆಗೆ ಮಾತ್ರ ಪಟಾಕಿಗೆ ಅವಕಾಶವೆಂದು ಹೇಳಿತು. ಈ ಮಾತನ್ನು ಓಣಿಯವರೆಲ್ಲ ಪಾಲಿಸಿದರೆ ಪ್ರಾಣಿಗಳಿಗೆ ಆಗುವ ಉಪಕಾರ ಉಳಿದೆಲ್ಲ ಉಪಾಯಗಳಿಗಿಂತ ದೊಡ್ಡದು. ಹಸಿರು ಪಟಾಕಿ ಮುಖ್ಯವಾಗಿ ಹೊಗೆಯನ್ನು ತಗ್ಗಿಸಲು ರೂಪಿಸಿದ್ದು. ಅದನ್ನು ಸದ್ದಿಲ್ಲದ ಪಟಾಕಿ ಎಂದು ಭಾವಿಸಬಾರದು.

ನಿಜವಾದ ರೂಢಿಯನ್ನು ಮಾತ್ರ ಹಬ್ಬಕ್ಕೆ ಬಹಳ ಮೊದಲೇ ಬೆಳೆಸಬೇಕು. ನಾಯಿಮರಿಯ ಮಿದುಳು ಲೋಕದಲ್ಲಿ ಯಾವುದು ಸಹಜ ಎಂದು ಕಲಿಯುವ ಮುಖ್ಯ ಅವಧಿ ಮೂರನೆಯ ವಾರದಿಂದ ಸುಮಾರು ಹನ್ನೆರಡು ಹದಿನಾಲ್ಕನೆಯ ವಾರದವರೆಗೆ. ಈ ಅವಧಿಯಲ್ಲಿ ಪಟಾಕಿಯ ಧ್ವನಿಮುದ್ರಣವನ್ನು ಮರಿ ಕಿವಿ ನಿಮಿರಿಸಿದರೂ ಬೆಚ್ಚದಷ್ಟು ಸಣ್ಣಗೆ, ಉಣ್ಣುವಾಗ, ಆಡುವಾಗ ಕೇಳಿಸಿ, ದಿನಗಳು ಕಳೆದಂತೆ ಸ್ವಲ್ಪ ಸ್ವಲ್ಪವಾಗಿ ಏರಿಸಬೇಕು. ಬೆಚ್ಚಿತೆಂದರೆ ಏರಿಸಿದ್ದು ಹೆಚ್ಚಾಯಿತು ಎಂದರ್ಥ, ಕೂಡಲೇ ಇಳಿಸಬೇಕು. ಮೊಬೈಲಿನ ಸಣ್ಣ ಸ್ಪೀಕರಿನಲ್ಲಿ ಕೆಳಸ್ವರಗಳು ಬರುವುದೇ ಇಲ್ಲವಾದ್ದರಿಂದ ದೊಡ್ಡ ಸ್ಪೀಕರ್ ಬೇಕು. ಈಗಾಗಲೇ ಹೆದರುವ ದೊಡ್ಡ ನಾಯಿಗೂ ಇದೇ ಕ್ರಮ ಸಲ್ಲುತ್ತದೆ, ಆದರೆ ತಿಂಗಳುಗಟ್ಟಲೆ ತಾಳ್ಮೆ ಬೇಕು, ಮತ್ತು ಆ ಅವಧಿಯಲ್ಲಿ ನಿಜವಾದ ಸಿಡಿತದಿಂದ ಅದನ್ನು ದೂರವಿಡಬೇಕು. ಆದ್ದರಿಂದ ಜಾತ್ರೆ ಮುಗಿದ ಮೇಲಿನ ಫೆಬ್ರುವರಿಯಿಂದ ಆಷಾಢದವರೆಗಿನ ತಿಂಗಳುಗಳು ಇದಕ್ಕೆ ಪ್ರಶಸ್ತ.

ತೀರ ಹೆದರುವ ಪ್ರಾಣಿಗೆ ಔಷಧವೂ ಇದೆ. ಸದ್ದಿನ ಭಯಕ್ಕೆಂದೇ ಅಮೆರಿಕ ಮತ್ತು ಯುರೋಪಿನಲ್ಲಿ ಅಂಗೀಕೃತವಾದ ಡೆಕ್ಸ್‌ಮೆಡಿಟೊಮಿಡೀನ್ ಎಂಬ ಔಷಧದ ಜೆಲ್ ಒಸಡಿಗೆ ಹಚ್ಚುವಂಥದ್ದು. ಪಶುವೈದ್ಯರು ನೀಡಬಹುದಾದ ಮಾತ್ರೆಗಳೂ ಹಲವು. ಬರೀ ಮೈಯನ್ನು ಜಡಗೊಳಿಸುವ ಏಸಿಪ್ರೊಮಝೀನನ್ನು ಒಂದನ್ನೇ ಕೊಟ್ಟರೆ ನಾಯಿ ಅಲುಗಾಡದೆ ಬಿದ್ದಿರುತ್ತದೆ, ಭಯ ಮಾತ್ರ ಹಾಗೆಯೇ ಇರುತ್ತದೆ. ಇದನ್ನು ವೈದ್ಯರೊಂದಿಗೆ ಬಾಯಿಬಿಟ್ಟು ಚರ್ಚಿಸಬೇಕು. ಮನೆಯಲ್ಲಿರುವ ಮನುಷ್ಯರ ನಿದ್ದೆಮಾತ್ರೆ, ನೋವಿನ ಮಾತ್ರೆಗಳನ್ನು ಕೊಡುವಂತೆಯೇ ಇಲ್ಲ. ಬೆಕ್ಕಿಗಂತೂ ಒಂದೇ ಪ್ಯಾರಸಿಟಮಾಲ್ ಮಾತ್ರೆ ಪ್ರಾಣಾಂತಿಕವಾಗಬಹುದು. ಪಶುವೈದ್ಯರನ್ನು ಕಾಣಬೇಕಾದದ್ದು ನರಕ ಚತುರ್ದಶಿಯ ಹಿಂದಿನ ದಿನವಲ್ಲ, ಅದಕ್ಕೆ ಎರಡು ಮೂರು ವಾರ ಮೊದಲು. ಪ್ರಮಾಣ ಸರಿಯಿದೆಯೇ, ಅಡ್ಡಪರಿಣಾಮವಿದೆಯೇ ಎಂಬುದನ್ನು ಸದ್ದಿಲ್ಲದ ಒಂದು ಸಾಮಾನ್ಯ ದಿನ, ಮನೆಯವರು ಜೊತೆಗಿರುವಾಗ, ಒಮ್ಮೆ ಕೊಟ್ಟು ನೋಡಿಯೇ ತಿಳಿಯಬೇಕಾಗುತ್ತದೆ.