ಇಂಟರ್ನ್ ಅಂದ್ರೆ ಯಾರು? ಕಾರ್ಮಿಕ ಕಾನೂನಿಗೇ ಗೊತ್ತಿಲ್ಲ

ಆರು ತಿಂಗಳು ದುಡಿಸಿಕೊಂಡು ಕೊನೆಗೆ ಕೈಗೊಂದು ಸರ್ಟಿಫಿಕೇಟ್ ಕೊಟ್ಟು ಕಳಿಸಿದರೆ ನಮ್ಮ ಹಿರಿಯರು ಅದನ್ನು ಬಿಟ್ಟಿ ಚಾಕರಿ ಎನ್ನುತ್ತಿದ್ದರು. ಈಗ ಅದರ ಹೆಸರು ಇಂಟರ್ನ್‌ಶಿಪ್. ತಮಾಷೆ ಎಂದರೆ, ನಮ್ಮ ಕಾರ್ಮಿಕ ಕಾಯ್ದೆಗಳು ಬಲ್ಲದ್ದು ಕಸುಬು ಕಲಿಯಲು ಸೇರುವ ಅಪ್ರೆಂಟಿಸ್‌ನನ್ನು, ಇಂಟರ್ನ್‌ನನ್ನಲ್ಲ.

ಅಪ್ರೆಂಟಿಸ್ ಕಥೆ ಹಳೆಯದು. 1850ರಲ್ಲಿ ಬ್ರಿಟಿಷರು ಒಂದು ಕಾಯ್ದೆ ತಂದರು. ಅನಾಥ, ಬಡ ಮಕ್ಕಳು ಕಸುಬು ಕಲಿಯಲಿ ಎಂಬುದು ಉದ್ದೇಶ. ಹತ್ತು ದಾಟಿದ ಮಗುವನ್ನು ಏಳು ವರ್ಷದವರೆಗೂ ಯಜಮಾನನ ಹತ್ತಿರ ಬಿಡಬಹುದಿತ್ತು. ಹುಡುಗಿಯಾದರೆ ಮದುವೆಯಾಗುವ ತನಕ ಮಾತ್ರ!

ಸ್ವಾತಂತ್ರ್ಯದ ನಂತರ, 1961ರಲ್ಲಿ, ಅಪ್ರೆಂಟಿಸ್ ಕಾಯ್ದೆ ಬಂತು. ಐಟಿಐ ಮುಗಿಸಿ ಎಚ್‌ಎಎಲ್‌ನಂಥ ಕಾರ್ಖಾನೆ ಸೇರುವ ಹುಡುಗರ ಪಾಲಿಗೆ ಇದೇ ಆಧಾರ. ಇದರ 18ನೇ ಸೆಕ್ಷನ್ ನೋಡಿ: ಅಪ್ರೆಂಟಿಸ್ ಕಲಿಯುವವನು, ಕಾರ್ಮಿಕನಲ್ಲ. ಹಾಗಾಗಿ ಕನಿಷ್ಠ ವೇತನ ಇಲ್ಲ. ಬದಲಿಗೆ ಸ್ಟೈಪೆಂಡ್ (ಕಲಿಯುವಾಗ ಕೊಡುವ ಭತ್ಯೆ) ಕಡ್ಡಾಯ, ಕೆಲಸದಲ್ಲಿ ಪೆಟ್ಟಾದರೆ ಪರಿಹಾರ, ಅನುಮತಿ ಇಲ್ಲದೆ ಓವರ್‌ಟೈಮ್ ಮಾಡಿಸುವಂತಿಲ್ಲ. 2014ರ ತಿದ್ದುಪಡಿ ದಿನಕ್ಕೆಷ್ಟು ಗಂಟೆ ಕೆಲಸ ಎಂಬುದನ್ನು ಮಾಲೀಕರಿಗೇ ಬಿಟ್ಟಿತು, ನಿಯಮ ಮುರಿದವರಿಗಿದ್ದ ಜೈಲು ಶಿಕ್ಷೆ ತೆಗೆದು ದಂಡ ಮಾತ್ರ ಉಳಿಸಿತು. 2019ರಲ್ಲಿ ಕನಿಷ್ಠ ಸ್ಟೈಪೆಂಡ್ ಓದಿಗೆ ತಕ್ಕಂತೆ 5,000ದಿಂದ 9,000 ರೂಪಾಯಿ ಆಯಿತು.

ಆದರೆ ಸ್ಟಾರ್ಟ್‌ಅಪ್‌ನಲ್ಲಿ ಕೂತು ಕೋಡ್ ಬರೆಯುವ ಇಂಟರ್ನ್ ಈ ಕಾಯ್ದೆಯಡಿ ನೋಂದಣಿಯಾಗಿಲ್ಲ ಅಂದರೆ ಇದ್ಯಾವುದೂ ಅವನಿಗಿಲ್ಲ. ಹಾಗಂತ ಬಾಗಿಲು ಪೂರ್ತಿ ಮುಚ್ಚಿಲ್ಲ. ಕನಿಷ್ಠ ವೇತನದ ನಿಯಮಗಳಿರುವ 2019ರ ವೇತನ ಸಂಹಿತೆ ಉದ್ಯೋಗಿಗಳ ಪಟ್ಟಿಯಿಂದ ಹೊರಗಿಟ್ಟಿರುವುದು 1961ರ ಕಾಯ್ದೆಯ ಅಪ್ರೆಂಟಿಸ್‌ಗಳನ್ನು, ಇಂಟರ್ನ್‌ಗಳನ್ನಲ್ಲ. 'ನಾನು ಕಲಿಯಲಿಲ್ಲ, ಉಳಿದವರ ಹಾಗೇ ದುಡಿದೆ' ಎಂದು ಇಂಟರ್ನ್ ವಾದಿಸಬಹುದು. ಆದರೆ ಮುಂದಿನ ಕೆಲಸಕ್ಕೆ ಅದೇ ಕಂಪನಿಯ ಪತ್ರ ಬೇಕಾದವರು ಕೇಸ್ ಹಾಕ್ತಾರಾ?

ಒಂದು ಕಾಯ್ದೆ ಮಾತ್ರ ಈ ಗೊಂದಲ ಇಟ್ಟುಕೊಂಡಿಲ್ಲ. ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಟ್ರೇನಿ, ಅಪ್ರೆಂಟಿಸ್ ಎಲ್ಲರನ್ನೂ ಉದ್ಯೋಗಿ ಎನ್ನುತ್ತದೆ. ಬೇರೆ ಯಾವ ಹೆಸರಿಟ್ಟು ಕರೆದರೂ ಸರಿ. ಸಂಬಳ ಇಲ್ಲದಿದ್ದರೂ ಮಹಿಳಾ ಇಂಟರ್ನ್‌ಗೆ ದೂರು ಕೊಡುವ ಹಕ್ಕಿದೆ.

2024ರಲ್ಲಿ ಬಂದ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆಯಲ್ಲಿ ತಿಂಗಳಿಗೆ 5,000 ರೂಪಾಯಿ ನಿಗದಿಯಾಯಿತು: ಸರ್ಕಾರದ್ದು 4,500, ಕಂಪನಿಯದ್ದು 500. ಅದೇ ಕಂಪನಿಗೆ ಬೇರೆ ದಾರಿಯಿಂದ ಬಂದು ಪಕ್ಕದ ಕುರ್ಚಿಯಲ್ಲಿ ಕೂತ ಇಂಟರ್ನ್‌ಗೆ ಆ ಲೆಕ್ಕ ಅನ್ವಯಿಸುವುದಿಲ್ಲ.